ಎಷ್ಟು ಗುಣವಾಯಿತು? ಲೈಂಗಿಕ ಚಿಕಿತ್ಸೆಯ ಲೆಕ್ಕಾಚಾರ ಬೆಳೆದ ಬಗೆ

ಮಧುಮೇಹದ ಔಷಧ ಕೆಲಸ ಮಾಡಿತೇ ಎಂಬುದನ್ನು ರಕ್ತಪರೀಕ್ಷೆ ಹೇಳುತ್ತದೆ. ಲೈಂಗಿಕ ಸಮಸ್ಯೆಗಳಲ್ಲಿ ಅಂಥ ಅನುಕೂಲ ಕಡಿಮೆ. ಹಾಗಾಗಿ ಈ ವೈದ್ಯ ಶಾಖೆಯಲ್ಲಿ ಏನನ್ನು ಅಳೆಯಬೇಕು, ಅಳೆದದ್ದನ್ನು ಹೇಗೆ ಲೆಕ್ಕ ಹಾಕಬೇಕು ಎಂಬ ಚರ್ಚೆ ಔಷಧಗಳ ಜೊತೆಜೊತೆಗೇ ಬೆಳೆಯಿತು.

1970ರಲ್ಲಿ ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ತಮ್ಮ ದಂಪತಿ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದರು. ಅವರು ಕೊಟ್ಟದ್ದು ಯಶಸ್ಸಿನ ಲೆಕ್ಕವಲ್ಲ, ವೈಫಲ್ಯದ ಲೆಕ್ಕ: ಸುಮಾರು ಶೇ 20. ವಿಫಲರಲ್ಲದವರು ಎಷ್ಟು ಸುಧಾರಿಸಿದ್ದರು, ಅದನ್ನು ನಿರ್ಧರಿಸಿದ ಮಾನದಂಡ ಯಾವುದು ಎಂದು 1980ರಲ್ಲಿ ಬರ್ನಿ ಜಿಲ್ಬರ್ಗೆಲ್ಡ್ ಮತ್ತು ಮೈಕೆಲ್ ಇವಾನ್ಸ್ ತರಾಟೆಗೆ ತೆಗೆದುಕೊಂಡರು.

ಮಾನದಂಡ ಬಂದದ್ದು 1997ರಲ್ಲಿ. ರೇಮಂಡ್ ರೋಸೆನ್ ಮತ್ತು ಸಂಗಡಿಗರು ನಿಮಿರು ದೌರ್ಬಲ್ಯ ಅಳೆಯಲು 15 ಪ್ರಶ್ನೆಗಳ ಪಟ್ಟಿ ರೂಪಿಸಿದರು. 2000ದಲ್ಲಿ ಮಹಿಳೆಯರಿಗಾಗಿ 19 ಪ್ರಶ್ನೆಗಳದೊಂದು ಪಟ್ಟಿ ಬಂತು. ನಡುವೆ, 1998ರಲ್ಲಿ, ವಯಾಗ್ರಾ ಮಾರುಕಟ್ಟೆಗಿಳಿಯಿತು. ಆ ವರ್ಷದ ಪ್ರಮುಖ ಅಧ್ಯಯನವೊಂದರಲ್ಲಿ ಔಷಧ ತೆಗೆದುಕೊಂಡವರ ಶೇ 69ರಷ್ಟು ಸಂಭೋಗ ಪ್ರಯತ್ನಗಳು ಸಫಲವಾದವು. ಹುಸಿ ಮಾತ್ರೆ ನುಂಗಿದವರಲ್ಲಿ ಶೇ 22. ಇದು ಪ್ರಯತ್ನಗಳ ಎಣಿಕೆ, ರೋಗಿಗಳದ್ದಲ್ಲ. ಒಬ್ಬನೇ ಹತ್ತು ಸಲ ಸಫಲನಾದರೆ ಹತ್ತು ಮಂದಿ ಗುಣವಾದಂತಾಗದು. ಒಬ್ಬನ ಫಲಿತಾಂಶಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ವಿಶ್ಲೇಷಣೆಯೂ ಅದಕ್ಕೆ ತಕ್ಕಂತಿರಬೇಕು.

ಶೀಘ್ರಸ್ಖಲನದ ಅಧ್ಯಯನಗಳಲ್ಲಿ ತೊಡಕು ಬೇರೆ. ನೆದರ್ಲೆಂಡ್ಸ್‌ನ ಮಾರ್ಸೆಲ್ ವಾಲ್ಡಿಂಗರ್ ತಂಡ ಐದು ದೇಶಗಳ ಸುಮಾರು 500 ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಸಂಭೋಗದ ಅವಧಿ ಅಳೆಸಿತು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಧ್ಯಾಂಕ 5.4 ನಿಮಿಷ, ಗರಿಷ್ಠ ಮಾತ್ರ 44 ನಿಮಿಷ. ಹೀಗೆ ಒಂದು ಕಡೆ ಬಾಲ ಬೆಳೆದ ಅಂಕಿಗಳಲ್ಲಿ ಸರಾಸರಿ ದಾರಿ ತಪ್ಪಿಸುತ್ತದೆ. ಚಿಕಿತ್ಸೆಯ ನಂತರ ಐವರ ಅವಧಿ 1, 1, 2, 2, 19 ನಿಮಿಷ ಎಂದುಕೊಳ್ಳಿ. ಸರಾಸರಿ 5, ಐವರಲ್ಲಿ ನಾಲ್ವರು ಅದರ ಹತ್ತಿರವೂ ಇಲ್ಲ. ಮಧ್ಯಾಂಕ 2, ಗುಣೋತ್ತರ ಸರಾಸರಿ (ಐದೂ ಅಂಕಿಗಳನ್ನು ಗುಣಿಸಿ ತೆಗೆದ ಐದನೇ ಮೂಲ) ಸುಮಾರು 2.4. ಇಂಥ ಕಡೆ ಈ ಎರಡನ್ನೇ ಬಳಸಬೇಕೆಂದು ವಾಲ್ಡಿಂಗರ್ ವಾದಿಸಿದರು.

ಅಂಕ ಏರಿದರೂ ರೋಗಿಗೆ ಅದು ಅನುಭವಕ್ಕೆ ಬರಬೇಕಲ್ಲ? 2011ರಲ್ಲಿ ರೋಸೆನ್ ತಂಡ ಇದಕ್ಕೂ ಗೆರೆ ಎಳೆಯಿತು. 15 ಪ್ರಶ್ನೆಗಳ ಪಟ್ಟಿಯ ನಿಮಿರುವಿಕೆಯ ಭಾಗಕ್ಕಿರುವ 30 ಅಂಕಗಳಲ್ಲಿ ಕನಿಷ್ಠ 4 ಏರಿದರೆ ಅರ್ಥಪೂರ್ಣ ಸುಧಾರಣೆ. ತೊಂದರೆ ಅಲ್ಪವಿದ್ದವರಿಗೆ 2 ಸಾಕು, ತೀವ್ರವಿದ್ದವರಿಗೆ 7 ಬೇಕು.

ಮಹಿಳೆಯರ ಕಾಮಾಸಕ್ತಿಯ ಕೊರತೆಗೆ 2015ರಲ್ಲಿ ಅಮೆರಿಕ ಒಪ್ಪಿದ ಫ್ಲಿಬಾನ್ಸೆರಿನ್ ಈ ಮಾನದಂಡಗಳ ಪರೀಕ್ಷೆಯೇ ಆಯಿತು. ಹುಸಿ ಮಾತ್ರೆಗೆ ಹೋಲಿಸಿದರೆ ಅದರಿಂದ ದೊರೆತದ್ದು ತಿಂಗಳಿಗೆ ಸರಾಸರಿ ಅರ್ಧದಿಂದ ಒಂದು ಹೆಚ್ಚುವರಿ ತೃಪ್ತಿಕರ ಅನುಭವ. ಯಾರಿಗೂ 'ಅರ್ಧ ಅನುಭವ' ಆಗುವುದಿಲ್ಲ. ನೂರರಲ್ಲಿ ಸುಮಾರು ಹತ್ತು ಮಂದಿಗೆ ಹೆಚ್ಚುವರಿಯಾಗಿ ಅರ್ಥಪೂರ್ಣ ಪ್ರಯೋಜನವಾಯಿತು ಎಂದರೆ, ಮಾತ್ರೆ ನುಂಗಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ವಿಷಯ ತಿಳಿಯುತ್ತದೆ.