ಕಲ್ಕತ್ತದ ಗೋಧಿ, ಕೆನಡಾದ ಚಳಿ

ಬಹಳ ದಿನವಾಯ್ತು ಇಲ್ಲಿ ಬರೆದು. ಆನ್‌ಸೈಟ್ ಅಂತ ಒಟ್ಟಾವಾಗೆ ಬಂದಿದ್ದೇನೆ. ಈ ಊರಿನ ನಟ್ಟನಡುವೆ ಒಂದು ದೊಡ್ಡ ಹೊಲ ಇದೆ, ರಸ್ತೆಯಲ್ಲಿ ಟ್ರಾಫಿಕ್ಕು, ಪಕ್ಕದಲ್ಲೇ ಬೆಳೆ! 1886ರಲ್ಲಿ ಶುರುವಾದ ಸರ್ಕಾರಿ ಪ್ರಯೋಗ ಕ್ಷೇತ್ರ. ಅದರ ಬಗ್ಗೆ ಓದುತ್ತಾ ಹೋದಾಗ ನಮ್ಮ ದೇಶದ ಒಂದು ಗೋಧಿ ಸಿಕ್ಕಿತು.

ಆಗ ಕೆನಡಾದವರು ನೆಚ್ಚಿಕೊಂಡಿದ್ದ ತಳಿ ರೆಡ್ ಫೈಫ್. 1840ರ ದಶಕದಲ್ಲಿ ಡೇವಿಡ್ ಫೈಫ್ ಎಂಬ ರೈತ ಗ್ಲಾಸ್ಗೋದಿಂದ ಬೀಜ ತರಿಸಿ ಬೆಳೆದದ್ದು. ಬ್ರೆಡ್ಡಿಗೆ ಬಹಳ ಚೆನ್ನ. ಆದರೆ ಜನ ಪಶ್ಚಿಮದ ಬಯಲಿಗೆ ವಲಸೆ ಹೋಗಿ ಅದನ್ನೇ ಬಿತ್ತಿದಾಗ ತೊಂದರೆ ಶುರುವಾಯಿತು. ಅಲ್ಲಿ ಬೇಸಿಗೆ ಚಿಕ್ಕದು, ಇದು ಮಾಗುವುದು ನಿಧಾನ. ಕಾಳು ತುಂಬುವ ಹೊತ್ತಿಗೆ ಒಂದು ರಾತ್ರಿ ಹೆಪ್ಪುಗಟ್ಟುವ ಚಳಿ ಬಿದ್ದರೆ ಮುಗಿಯಿತು, ಕಾಳೆಲ್ಲ ಸುಕ್ಕು. ವರ್ಷದ ದುಡಿಮೆ ಒಂದೇ ರಾತ್ರಿಗೆ.

ಪ್ರಯೋಗ ಕ್ಷೇತ್ರದ ಮೊದಲ ನಿರ್ದೇಶಕ ವಿಲಿಯಂ ಸಾಂಡರ್ಸ್ ಮೂಲತಃ ಔಷಧಿ ಅಂಗಡಿಯವನು. ಮೊದಲು ರಷ್ಯಾದಿಂದ ಲಡೋಗಾ ಎಂಬ ಗೋಧಿ ತರಿಸಿದ. ಬೇಗ ಮಾಗಿತು, ಆದರೆ ಹಿಟ್ಟು ಹಳದಿ, ಬ್ರೆಡ್ಡು ಸಪ್ಪೆ. ಆಮೇಲೆ ಕಣ್ಣಿಗೆ ಬಿದ್ದದ್ದು ಭಾರತದ 'ಹಾರ್ಡ್ ರೆಡ್ ಕಲ್ಕತ್ತಾ'.

ಚಳಿಯ ದೇಶಕ್ಕೆ ಬಿಸಿಲು ನಾಡಿನ ಗೋಧಿ ಯಾಕಪ್ಪಾ? ನನಗೂ ಮೊದಲು ಅರ್ಥವಾಗಲಿಲ್ಲ. ನಮ್ಮ ಧಾರವಾಡ, ಬಿಜಾಪುರದ ಕಡೆ ಹಿಂಗಾರಿಗೆ ಗೋಧಿ ಬಿತ್ತುತ್ತಾರಲ್ಲ, ಅದು ಬೇಸಿಗೆಯ ಬಿಸಿಲು ಏರುವ ಮೊದಲೇ ಮಾಗಬೇಕು. ಭಾರತದ ಗೋಧಿಗೆ ಅವಸರ ಕಲಿಸಿದ್ದು ಬಿಸಿಲು. ಅದೇ ಅವಸರ ಕೆನಡಾದಲ್ಲಿ ಚಳಿಯಿಂದ ತಪ್ಪಿಸಿಕೊಳ್ಳಲು ಬೇಕಾಗಿತ್ತು! ನಮ್ಮ ಆಫೀಸು ಭಾಷೆಯಲ್ಲಿ ಹೇಳುವುದಾದರೆ ರಿಕ್ವೈರ್‌ಮೆಂಟನ್ನೇ ಬದಲಾಯಿಸಿಬಿಟ್ಟರು: ಚಳಿ ತಡೆಯುವ ಗೋಧಿ ಬೇಡ, ಚಳಿ ಬರುವುದರೊಳಗೆ ಕೆಲಸ ಮುಗಿಸುವ ಗೋಧಿ ಸಾಕು. ಹೆಸರು ಮಾತ್ರ ಹಡಗು ಹತ್ತಿದ ಬಂದರಿನದು, ಬೆಳೆದವನದಲ್ಲ. ಫೈಫ್‌ಗೆ ಸಿಕ್ಕ ಗೌರವ ನಮ್ಮ ರೈತನಿಗೆ ಸಿಗಲಿಲ್ಲವಲ್ಲ ಅಂತ ಸ್ವಲ್ಪ ಹೊಟ್ಟೆ ಉರಿಯಿತು.

1892ರಲ್ಲಿ ವಿಲಿಯಂನ ಮಗ ಪರ್ಸಿ ಈ ಎರಡೂ ತಳಿಗಳನ್ನು ಸಂಕರ ಮಾಡಿದ. ಹುಟ್ಟಿದ ಪೈರು ಕಲಬೆರಕೆ. ಒಂದೊಂದು ಗಿಡ ಒಂದೊಂದು ಥರ. ಅದನ್ನು ಹಸನು ಮಾಡಿದವನು ಇನ್ನೊಬ್ಬ ಮಗ ಚಾರ್ಲ್ಸ್. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್, ಮನಸ್ಸೆಲ್ಲ ಸಂಗೀತದಲ್ಲಿ. 1903ರಲ್ಲಿ ಧಾನ್ಯ ತಳಿಗಳ ಹೊಣೆ ಅವನಿಗೆ ಬಂತು. ಒಂದೊಂದು ಗಿಡದ ಕಾಳನ್ನೂ ಬೇರೆ ಬೇರೆ ಸಾಲಿನಲ್ಲಿ ಬಿತ್ತಿದ. ಬ್ರೆಡ್ಡು ಸುಟ್ಟು ನೋಡುವಷ್ಟು ಕಾಳು ಎಲ್ಲಿಂದ ಬರಬೇಕು? ಬಾಯಿಗೆ ಹಾಕಿ ಅಗಿದ! ಚೆನ್ನಾಗಿ ಅಗಿದಾಗ ಬಾಯಲ್ಲಿ ಉಳಿಯುವ ಅಂಟು ರಬ್ಬರಿನಂತೆ ಎಳೆದರೆ ಒಳ್ಳೆಯ ಗೋಧಿ, ಇಲ್ಲದಿದ್ದರೆ ಕಸಕ್ಕೆ. ಚಿಕ್ಕಂದಿನಲ್ಲಿ ಹಸಿ ಗೋಧಿ ಅಗಿದು ಚೂಯಿಂಗ್ ಗಮ್ ಮಾಡಿಕೊಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತೆ :)

ಹೀಗೆ ಆರಿಸಿ ಉಳಿದದ್ದು 'ಮಾರ್ಕ್ವಿಸ್'. ರೆಡ್ ಫೈಫ್‌ಗಿಂತ ಸುಮಾರು ಒಂದು ವಾರ ಮೊದಲೇ ಮಾಗುತ್ತಿತ್ತು. ಒಂದು ವಾರ ಏನು ಮಹಾ ಅನ್ನಬೇಡಿ, ಆ ಬಯಲಿನಲ್ಲಿ ಬೆಳೆ ಉಳಿಯುವುದಕ್ಕೂ ಹೋಗುವುದಕ್ಕೂ ಅಷ್ಟೇ ಅಂತರ. 1907ರಲ್ಲಿ ಸಸ್ಕ್ಯಾಚುವಾನ್‌ನ ಇಂಡಿಯನ್ ಹೆಡ್‌ನಲ್ಲಿ ಬಿತ್ತಿ ನೋಡಿದರು, 1909ರಿಂದ ರೈತರಿಗೆ ಕೊಟ್ಟರು. 1911ರಲ್ಲಿ ಸೀಗರ್ ವೀಲರ್ ಎಂಬ ರೈತ ಈ ಗೋಧಿಯಿಂದಲೇ ನ್ಯೂಯಾರ್ಕಿನ ಸ್ಪರ್ಧೆಯಲ್ಲಿ 1000 ಡಾಲರ್ ಚಿನ್ನ ಗೆದ್ದ. 1920ರ ಹೊತ್ತಿಗೆ ಪಶ್ಚಿಮ ಕೆನಡಾದ ಗೋಧಿಯಲ್ಲಿ ಶೇಕಡ 90ರಷ್ಟು ಮಾರ್ಕ್ವಿಸ್ಸೇ. ಚಾರ್ಲ್ಸ್‌ಗೆ ಮುಂದೆ ಸರ್ ಪದವಿ ಬಂತು.

ಆದರೆ ಎಲ್ಲರೂ ಒಂದೇ ತಳಿ ಬಿತ್ತಿದ್ದರ ಪೆಟ್ಟು ಅಷ್ಟರಲ್ಲಿ ಬಿದ್ದಾಗಿತ್ತು. ಚಳಿಯಿಂದ ತಪ್ಪಿಸಿಕೊಂಡ ಮಾರ್ಕ್ವಿಸ್‌ಗೆ 1916ರಲ್ಲಿ ಕಾಂಡದ ತುಕ್ಕು ರೋಗ ಬಡಿಯಿತು, ಹೊಲಕ್ಕೆ ಹೊಲವೇ ಹೋಯಿತು. ತುಕ್ಕು ತಡೆಯುವ 'ಥ್ಯಾಚರ್' ಬರಲು 1935 ಆಗಬೇಕಾಯಿತು. ಅದರ ಕಥೆ ಇನ್ನೊಂದು ದಿನ ಬರೆಯುತ್ತೇನೆ.