ಹಳೆಯ ಮಸಲ್ ಕಾರುಗಳ ಹಿಂದಿನ ಆಕ್ಸಲ್ ಬೇರಿಂಗ್ ಮತ್ತು ಡಿಸ್ಕ್ ಬ್ರೇಕ್

ಮಸಲ್ ಕಾರು ಎಂಬುದು 1960ರ ದಶಕದ ನಡುವಿನಿಂದ 1970ರ ದಶಕದ ಆರಂಭದವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ, ಮಧ್ಯಮ ಗಾತ್ರದ ದೇಹದಲ್ಲಿ ದೊಡ್ಡ ವಿ-8 ಎಂಜಿನ್ ಅಳವಡಿಸಿದ ಕಾರುಗಳ ವರ್ಗ. 1964ರ ಪಾಂಟಿಯಾಕ್ ಜಿಟಿಒ ಈ ವರ್ಗದ ಮೊದಲ ಕಾರೆಂದು ಸಾಮಾನ್ಯವಾಗಿ ಪರಿಗಣಿಸಲ್ಪಟ್ಟಿದೆ. ಈ ಕಾರುಗಳ ಎಂಜಿನ್ ಶಕ್ತಿ ಬೆಳೆದ ಪ್ರಮಾಣದಲ್ಲಿ ಬ್ರೇಕುಗಳು ಬೆಳೆಯಲಿಲ್ಲ. ಬಹುತೇಕ ಕಾರುಗಳ ಹಿಂದಿನ ಗಾಲಿಗಳಲ್ಲಿ ಡ್ರಮ್ ಬ್ರೇಕುಗಳೇ ಇದ್ದವು. ಆದುದರಿಂದ ಇಂತಹ ಕಾರುಗಳನ್ನು ಪುನಶ್ಚೇತನಗೊಳಿಸುವಾಗ ಹಿಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಅಳವಡಿಸುವುದು ಸಾಮಾನ್ಯ ಮಾರ್ಪಾಡಾಗಿದೆ. ಡಿಸ್ಕ್, ಕ್ಯಾಲಿಪರ್ ಮತ್ತು ಬೇರಿಂಗ್ ಮೂರೂ ಆಕ್ಸಲ್‌ನ ಒಂದೇ ತುದಿಯಲ್ಲಿ ಕೂರುವುದರಿಂದ ಬೇರಿಂಗ್ ಮತ್ತು ಬ್ರೇಕುಗಳ ಆಯ್ಕೆಯನ್ನು ಒಟ್ಟಿಗೆ ಮಾಡಬೇಕಾಗುತ್ತದೆ.

ಆಕ್ಸಲ್‌ನ ರಚನೆ

ಮಸಲ್ ಕಾರುಗಳಲ್ಲಿ ಎರಡು ಗಾಲಿಗಳನ್ನು ಒಂದೇ ಗಟ್ಟಿ ಕವಚದಿಂದ ಜೋಡಿಸುವ ಇಡಿಯಾದ ಹಿಂದಿನ ಆಕ್ಸಲ್ ಬಳಕೆಯಲ್ಲಿತ್ತು. ಇದರಲ್ಲಿ ಆಕ್ಸಲ್ ದಂಡವು ಗಾಲಿಯನ್ನು ತಿರುಗಿಸುವುದಲ್ಲದೆ ಕಾರಿನ ಭಾರವನ್ನೂ ಹೊರುತ್ತದೆ. ತಿರುವಿನಲ್ಲಿ ಗಾಲಿಯ ಮೇಲೆ ಬೀಳುವ ಅಡ್ಡ ಬಲವೂ ಇದೇ ದಂಡದ ಮೂಲಕ ಕವಚಕ್ಕೆ ತಲುಪುತ್ತದೆ. ದಂಡವು ಹೊರಕ್ಕೆ ಜಾರದಂತೆ ಹಿಡಿದಿಡುವ ವಿಧಾನವನ್ನು ಆಧರಿಸಿ ಈ ಆಕ್ಸಲ್‌ಗಳಲ್ಲಿ ಎರಡು ಮುಖ್ಯ ಬಗೆಗಳಿವೆ.

ಸಿ-ಕ್ಲಿಪ್ ಬಗೆ: ಶೆವ್ರೊಲೆಯ 10 ಬೋಲ್ಟ್ ಮತ್ತು 12 ಬೋಲ್ಟ್ ಆಕ್ಸಲ್‌ಗಳು ಇದಕ್ಕೆ ಉದಾಹರಣೆ. ದಂಡದ ಒಳತುದಿಯ ಗಾಡಿಯಲ್ಲಿ ಕೂರುವ ಇಂಗ್ಲಿಷ್ ಸಿ ಅಕ್ಷರದಾಕಾರದ ಕ್ಲಿಪ್ಪು ದಂಡವನ್ನು ಡಿಫರೆನ್ಷಿಯಲ್ ಒಳಗೆ ಹಿಡಿದಿಡುತ್ತದೆ. ಹೊರತುದಿಯ ರೋಲರ್ ಬೇರಿಂಗ್ ಭಾರವನ್ನು ಮಾತ್ರ ಹೊರುತ್ತದೆ, ಅಡ್ಡ ಬಲವನ್ನು ತಡೆಯುವುದಿಲ್ಲ. ಈ ಬೇರಿಂಗಿಗೆ ಪ್ರತ್ಯೇಕ ಒಳ ಉಂಗುರವಿಲ್ಲ. ರೋಲರುಗಳು ದಂಡದ ಮೇಲ್ಮೈಯ ಮೇಲೆಯೇ ಉರುಳುತ್ತವೆ.

ಬೇರಿಂಗ್ ಹಿಡಿತದ ಬಗೆ: ಫೋರ್ಡ್‌ನ 9 ಅಂಗುಲದ ಆಕ್ಸಲ್, ಕ್ರೈಸ್ಲರ್‌ನ 8¾ ಅಂಗುಲದ ಆಕ್ಸಲ್ ಮತ್ತು ಕ್ರೈಸ್ಲರ್ ತನ್ನ ಪ್ರಬಲ ಮಾದರಿಗಳಲ್ಲಿ ಬಳಸಿದ ಡಾನಾ 60 ಈ ಬಗೆಗೆ ಸೇರುತ್ತವೆ. ಇಲ್ಲಿ ಬೇರಿಂಗನ್ನು ದಂಡದ ಮೇಲೆ ಒತ್ತಿ ಕೂರಿಸಿ, ಕವಚದ ತುದಿಗೆ ಬೋಲ್ಟ್ ಮಾಡಿದ ಫಲಕದಿಂದ ಹಿಡಿದಿಡಲಾಗುತ್ತದೆ.

ಜನರಲ್ ಮೋಟರ್ಸ್‌ನ ಎಲ್ಲ ವಿಭಾಗಗಳು ಒಂದೇ ಬಗೆಯನ್ನು ಬಳಸಲಿಲ್ಲ. ಪಾಂಟಿಯಾಕ್ ಮತ್ತು ಓಲ್ಡ್ಸ್‌ಮೊಬೀಲ್‌ನ ಕೆಲವು ಆಕ್ಸಲ್‌ಗಳು ಎರಡನೆಯ ಬಗೆಗೆ ಸೇರಿದವು. ಆದ್ದರಿಂದ ಕಾರಿನ ಹೆಸರನ್ನಷ್ಟೇ ನೋಡಿ ಬಿಡಿಭಾಗ ಖರೀದಿಸುವ ಬದಲು, ಆಕ್ಸಲ್‌ನ ತುದಿಯನ್ನು ಬಿಚ್ಚಿ ನೋಡಿ ಬಗೆಯನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

ಬೇರಿಂಗ್ ಆಯ್ಕೆ

ಸಿ-ಕ್ಲಿಪ್ ಆಕ್ಸಲ್‌ನಲ್ಲಿ ಹಳೆಯ ಬೇರಿಂಗನ್ನು ತೆಗೆದಾಗ ದಂಡದ ಮೇಲ್ಮೈಯನ್ನು ಪರೀಕ್ಷಿಸಬೇಕು. ರೋಲರುಗಳು ಓಡಿದ ಜಾಗದಲ್ಲಿ ಗುಳಿ ಅಥವಾ ಸವೆತ ಕಂಡುಬಂದರೆ ಹೊಸ ಬೇರಿಂಗ್ ಹೆಚ್ಚು ಕಾಲ ಬಾಳುವುದಿಲ್ಲ. ಆಗ ದಂಡವನ್ನು ಬದಲಾಯಿಸಬೇಕು, ಇಲ್ಲವೇ ರೋಲರುಗಳು ಸವೆಯದ ಜಾಗದಲ್ಲಿ ಓಡುವಂತೆ ರಚಿಸಿದ ದುರಸ್ತಿ ಬೇರಿಂಗನ್ನು ಬಳಸಬೇಕು. ಸಿ-ಕ್ಲಿಪ್ ಆಕ್ಸಲ್‌ನ ದಂಡ ಮುರಿದರೆ, ಗಾಲಿಯನ್ನು ಒಳಕ್ಕೆ ಹಿಡಿದಿರುವ ಕ್ಲಿಪ್ಪಿನ ಸಂಪರ್ಕ ತಪ್ಪಿ, ದಂಡದ ತುಂಡಿನೊಡನೆ ಗಾಲಿ ಕಾರಿನಿಂದ ಹೊರಬರುವ ಅಪಾಯವಿದೆ. ಈ ಕಾರಣದಿಂದ ಡ್ರ್ಯಾಗ್ ರೇಸಿಂಗ್‌ನಲ್ಲಿ ವೇಗದ ಕಾರುಗಳಿಗೆ ಪ್ರತ್ಯೇಕ ದಂಡ ಹಿಡಿತದ ಸಾಧನ ಕಡ್ಡಾಯವಾಗಿದೆ.

ಫೋರ್ಡ್ 9 ಅಂಗುಲದ ಆಕ್ಸಲ್‌ನ ಬೇರಿಂಗುಗಳಲ್ಲಿ ಹೊರ ವ್ಯಾಸ 2.835 ಅಂಗುಲ (72 ಮಿ.ಮೀ.) ಇರುವ ಚಿಕ್ಕದು ಮತ್ತು 3.150 ಅಂಗುಲ (80 ಮಿ.ಮೀ.) ಇರುವ ದೊಡ್ಡದು ಎಂಬ ಎರಡು ಅಳತೆಗಳು ಹೆಚ್ಚು ಪ್ರಚಲಿತ. ಎರಡಕ್ಕೂ ಕವಚದ ತುದಿಗಳು ಬೇರೆ ಬೇರೆ. ಬ್ರೇಕ್ ಕಿಟ್ಟಿನ ಬ್ರಾಕೆಟ್ಟೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಬೇರಿಂಗಿನ ಒಳರಚನೆಯಲ್ಲಿಯೂ ಆಯ್ಕೆಯಿದೆ. ಮುಚ್ಚಿದ ಬಾಲ್ ಬೇರಿಂಗಿಗೆ ಹೊಂದಾಣಿಕೆ ಬೇಕಿಲ್ಲ, ನಿರ್ವಹಣೆಯೂ ಕಡಿಮೆ. ಮೊನಚು ರೋಲರ್ ಬೇರಿಂಗಿನಲ್ಲಿ ಸಂಪರ್ಕವು ಬಿಂದುವಿನ ಬದಲು ರೇಖೆಯಾಗಿರುವುದರಿಂದ ಅದು ತಿರುವಿನ ಅಡ್ಡ ಬಲವನ್ನು ಹೆಚ್ಚು ಸಮರ್ಥವಾಗಿ ಹೊರುತ್ತದೆ. ನೇರ ಪಥದಲ್ಲಿ ಓಡುವ ಡ್ರ್ಯಾಗ್ ಕಾರಿಗೆ ಬಾಲ್ ಬೇರಿಂಗ್ ಸಾಕು. ತಿರುವುಗಳುಳ್ಳ ರಸ್ತೆ ಅಥವಾ ರೇಸ್ ಪಥಕ್ಕೆ ಮೊನಚು ರೋಲರ್ ಮೇಲು.

ಕ್ರೈಸ್ಲರ್ 8¾ ಅಂಗುಲದ ಆಕ್ಸಲ್‌ನಲ್ಲಿ ಮೂಲದಲ್ಲಿಯೇ ಮೊನಚು ರೋಲರ್ ಬೇರಿಂಗುಗಳಿದ್ದವು. ಎರಡು ದಂಡಗಳ ನಡುವಿನ ಒಂದು ತುಂಡು ಅಡ್ಡ ಬಲವನ್ನು ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಬಲಬದಿಯ ಹೊಂದಾಣಿಕೆ ತಿರುಪಿನಿಂದ ದಂಡಗಳ ಒಳಹೊರ ಸಡಿಲವನ್ನು 0.008ರಿಂದ 0.018 ಅಂಗುಲದೊಳಗೆ (ಸುಮಾರು 0.20ರಿಂದ 0.46 ಮಿ.ಮೀ.) ಇರಿಸಬೇಕು. ಈ ಕೆಲಸವನ್ನು ತಪ್ಪಿಸಲು ಹಲವರು ಗ್ರೀನ್ ಬೇರಿಂಗ್ ಎಂದು ಕರೆಯಲಾಗುವ ಮುಚ್ಚಿದ ಬಾಲ್ ಬೇರಿಂಗನ್ನು ಹಾಕುತ್ತಾರೆ.

ಬೇರಿಂಗ್ ಸಡಿಲ ಮತ್ತು ಕ್ಯಾಲಿಪರ್

ದಂಡವು ಒಳಹೊರಗೆ ಚಲಿಸಿದರೆ ಡಿಸ್ಕೂ ಅದರೊಡನೆ ಚಲಿಸುತ್ತದೆ. ಎರಡೂ ಬದಿಗಳಲ್ಲಿ ಪಿಸ್ಟನ್‌ಗಳಿರುವ ಸ್ಥಿರ ಕ್ಯಾಲಿಪರಿನಲ್ಲಿ ಈ ಚಲನೆಯು ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ತಿರುವಿನ ನಂತರ ಚಾಲಕ ಪೆಡಲ್ ಒತ್ತಿದಾಗ ಮೊದಲ ಒತ್ತು ಪ್ಯಾಡುಗಳನ್ನು ಡಿಸ್ಕಿಗೆ ತಲುಪಿಸುವುದರಲ್ಲಿಯೇ ವ್ಯಯವಾಗಿ, ಪೆಡಲ್ ನೆಲದತ್ತ ಇಳಿಯುತ್ತದೆ. ಪಿನ್ನುಗಳ ಮೇಲೆ ಜಾರುವ ತೇಲು ಕ್ಯಾಲಿಪರ್ ಡಿಸ್ಕನ್ನು ಅನುಸರಿಸುವುದರಿಂದ ಈ ದೋಷ ಅದರಲ್ಲಿ ಬಹಳ ಕಡಿಮೆ. ಆದ್ದರಿಂದ ಸಿ-ಕ್ಲಿಪ್ ಆಕ್ಸಲ್‌ಗೆ ತೇಲು ಕ್ಯಾಲಿಪರ್ ಸೂಕ್ತ. ಸ್ಥಿರ ಕ್ಯಾಲಿಪರ್ ಬೇಕಿದ್ದರೆ ಮೊದಲು ದಂಡದ ಸಡಿಲವನ್ನು ನಿವಾರಿಸಬೇಕು.

ಸ್ಥಿರ ಕ್ಯಾಲಿಪರುಗಳ ಈ ಸ್ವಭಾವ 1965ರ ಮಾದರಿಯಿಂದ ನಾಲ್ಕೂ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಪಡೆದ ಶೆವ್ರೊಲೆ ಕಾರ್ವೆಟ್‌ನಲ್ಲಿ ಕಂಡುಬಂದಿದೆ. ಅದರಲ್ಲಿ ಡಿಸ್ಕ್ ಸ್ವಲ್ಪ ಓಲಾಡಿದರೂ ಪಿಸ್ಟನ್‌ಗಳು ಹಿಂದೆಮುಂದೆ ಆಡಿ, ಸೀಲುಗಳ ಮೂಲಕ ಬ್ರೇಕ್ ದ್ರವಕ್ಕೆ ಗಾಳಿ ಸೇರುತ್ತದೆ. 1969ರ ಕ್ಯಾಮರೊ ಕಾರಿಗೆ ಜೆಎಲ್8 ಎಂಬ ಸಂಕೇತದಲ್ಲಿ ನಾಲ್ಕು ಗಾಲಿಗಳ ಡಿಸ್ಕ್ ಬ್ರೇಕ್ ಐಚ್ಛಿಕವಾಗಿ ದೊರೆಯುತ್ತಿತ್ತು. ಅಂತಹ 206 ಕಾರುಗಳು ಮಾತ್ರ ತಯಾರಾದವು.

ಡಿಸ್ಕ್ ಬ್ರೇಕ್‌ನ ಅಗತ್ಯ

ಬ್ರೇಕ್ ಕಾರಿನ ಚಲನ ಶಕ್ತಿಯನ್ನು ಶಾಖವಾಗಿ ಪರಿವರ್ತಿಸುತ್ತದೆ. 1,600 ಕಿ.ಗ್ರಾಂ. ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನ ಶಕ್ತಿ ಸುಮಾರು 617 ಕಿಲೋಜೌಲ್, 160 ಕಿ.ಮೀ. ವೇಗದಲ್ಲಿ ಅದು ಸುಮಾರು 1,580 ಕಿಲೋಜೌಲ್, ಅಂದರೆ ಎರಡೂವರೆ ಪಟ್ಟಿಗೂ ಹೆಚ್ಚು. ಡ್ರಮ್ ಬಿಸಿಯಾದಾಗ ಹಿಗ್ಗಿ ಒಳಗಿನ ಷೂಗಳಿಂದ ದೂರ ಸರಿಯುತ್ತದೆ. ಡಿಸ್ಕ್ ಹಿಗ್ಗಿದಾಗ ಪ್ಯಾಡುಗಳತ್ತಲೇ ಬರುತ್ತದೆ. ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ.

ಹಿಂದಿನ ಬ್ರೇಕ್ ಅತಿ ಪ್ರಬಲವಾಗಿರುವುದೂ ಅಪಾಯಕಾರಿ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವರ್ಗವಾಗುತ್ತದೆ. ಮೇಲಿನ ಕಾರಿನ ಭಾರದ ಶೇ. 56 ಮುಂದಿದೆ, ಗುರುತ್ವ ಕೇಂದ್ರದ ಎತ್ತರ 0.55 ಮೀಟರ್, ಗಾಲಿಗಳ ನಡುವಿನ ಅಂತರ 112 ಅಂಗುಲ (2.845 ಮೀಟರ್) ಎಂದು ಭಾವಿಸೋಣ. ಗುರುತ್ವ ವೇಗೋತ್ಕರ್ಷದ 0.8ರಷ್ಟು ದರದಲ್ಲಿ ವೇಗ ತಗ್ಗಿಸಿದರೆ ಸುಮಾರು 247 ಕಿ.ಗ್ರಾಂ. ಭಾರ ಮುಂದಕ್ಕೆ ಸರಿಯುತ್ತದೆ. ಹಿಂದಿನ ಗಾಲಿಗಳ ಮೇಲಿನ 704 ಕಿ.ಗ್ರಾಂ. ಭಾರ 457ಕ್ಕೆ ಇಳಿಯುತ್ತದೆ. ಹಿಂದಿನ ಗಾಲಿಗಳು ಮೊದಲು ಬಿಗಿಹಿಡಿದರೆ ಅವು ಅಡ್ಡ ಹಿಡಿತ ಕಳೆದುಕೊಂಡು ಕಾರು ತಿರುಗಿ ನಿಲ್ಲುತ್ತದೆ. ಆದ್ದರಿಂದ ಹಿಂದಿನ ಡಿಸ್ಕ್ ಮತ್ತು ಪಿಸ್ಟನ್‌ಗಳು ಮುಂದಿನವುಗಳಿಗಿಂತ ಚಿಕ್ಕದಾಗಿರುವುದು ರೂಢಿ.

ಹೈಡ್ರಾಲಿಕ್ ವ್ಯವಸ್ಥೆ

ಡ್ರಮ್ ಬ್ರೇಕಿನ ಷೂಗಳು ತಿರುಗುವ ಡ್ರಮ್ಮಿನಿಂದಲೇ ಎಳೆಯಲ್ಪಟ್ಟು ತಮ್ಮ ಒತ್ತಡವನ್ನು ಹೆಚ್ಚಿಸಿಕೊಳ್ಳುತ್ತವೆ. ಡಿಸ್ಕ್ ಬ್ರೇಕಿಗೆ ಈ ಗುಣವಿಲ್ಲ. ಅದಕ್ಕೆ ದ್ರವದ ಒತ್ತಡ ಹೆಚ್ಚು ಬೇಕು. ಬದಲಾವಣೆಯ ಸಂದರ್ಭದಲ್ಲಿ ಗಮನಿಸಬೇಕಾದ ಅಂಶಗಳು ಇವು:

ಮಾಸ್ಟರ್ ಸಿಲಿಂಡರ್: ವ್ಯಾಸ ಹೆಚ್ಚಿದಂತೆ ದ್ರವದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ. ವ್ಯಾಸವನ್ನು 1 ಅಂಗುಲದಿಂದ 1⅛ ಅಂಗುಲಕ್ಕೆ ಏರಿಸಿದರೆ ಅದೇ ಕಾಲೊತ್ತಿಗೆ ಒತ್ತಡ ಶೇ. 21ರಷ್ಟು ಇಳಿಯುತ್ತದೆ.

ಉಳಿಕೆ ಒತ್ತಡದ ಕವಾಟ: ಡ್ರಮ್ ಬ್ರೇಕಿನ ಮಾರ್ಗದಲ್ಲಿ ಸುಮಾರು 10 ಪಿಎಸ್‌ಐ ಒತ್ತಡವನ್ನು ಉಳಿಸುವ ಕವಾಟವಿರುತ್ತದೆ. ಅದನ್ನು ತೆಗೆಯದೆ ಡಿಸ್ಕ್ ಬ್ರೇಕ್ ಅಳವಡಿಸಿದರೆ ಪ್ಯಾಡುಗಳು ಸದಾ ಉಜ್ಜುತ್ತ ಬಿಸಿಯಾಗುತ್ತವೆ.

ಒತ್ತಡ ಹಂಚಿಕೆಯ ಕವಾಟ: ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಮಿತಿಗೊಳಿಸುತ್ತದೆ. ತಿರುಪಿನಿಂದ ಹೊಂದಿಸಬಹುದಾದ ಕವಾಟವನ್ನು ಹಾಕಿ, ಮುಂದಿನ ಗಾಲಿಗಳೇ ಮೊದಲು ಬಿಗಿಹಿಡಿಯುವಂತೆ ಖಾಲಿ ಜಾಗದಲ್ಲಿ ಪರೀಕ್ಷಿಸಲಾಗುತ್ತದೆ.

ಬೂಸ್ಟರ್: ಉಗ್ರ ಕ್ಯಾಮ್‌ಶಾಫ್ಟ್ ಹೊಂದಿದ ಎಂಜಿನ್ ನಿಂತಲ್ಲಿ ಓಡುವಾಗ ನಿರ್ವಾತ ಕಡಿಮೆ. ಆಗ ಪವರ್ ಸ್ಟಿಯರಿಂಗ್ ಪಂಪಿನ ಒತ್ತಡದಿಂದ ನಡೆಯುವ ಬೂಸ್ಟರ್ ಒಂದು ಪರ್ಯಾಯ.

ಅಳತೆ ಮತ್ತು ಹೊಂದಾಣಿಕೆ

ಕಿಟ್ ಖರೀದಿಸುವ ಮೊದಲು ಕವಚದ ತುದಿಯ ಬೋಲ್ಟುಗಳ ಅಂತರ, ಬೇರಿಂಗಿನ ಹೊರ ವ್ಯಾಸ, ಕವಚದ ಫಲಕದಿಂದ ದಂಡದ ಫಲಕದವರೆಗಿನ ದೂರ ಮತ್ತು ಗಾಲಿಯ ಬೋಲ್ಟ್ ವೃತ್ತವನ್ನು ಅಳೆಯಬೇಕು. ಶೆವ್ರೊಲೆಯ ಮಧ್ಯಮ ಗಾತ್ರದ ಕಾರುಗಳಲ್ಲಿ ಬೋಲ್ಟ್ ವೃತ್ತ 4.75 ಅಂಗುಲ, ಫೋರ್ಡ್ ಮಸ್ಟಾಂಗ್‌ನ ವಿ-8 ಮಾದರಿಗಳಲ್ಲಿ 4.5 ಅಂಗುಲ. ಕ್ಯಾಲಿಪರ್ ಗಾಲಿಯ ಒಳಮೈಗೆ ತಾಗದಿರಲು 14 ಅಂಗುಲದ ಮೂಲ ಗಾಲಿಗಳ ಬದಲು 15 ಅಂಗುಲ ಅಥವಾ ಅದಕ್ಕಿಂತ ದೊಡ್ಡ ಗಾಲಿಗಳು ಬೇಕಾಗಬಹುದು. ಡಿಸ್ಕಿನ ನಡುಭಾಗದ ದಪ್ಪ ಡ್ರಮ್ಮಿಗಿಂತ ಹೆಚ್ಚಿದ್ದರೆ ಗಾಲಿ ಅಷ್ಟೇ ಹೊರಕ್ಕೆ ಸರಿದು ಟೈರು ಮಡ್‌ಗಾರ್ಡಿಗೆ ತಾಗಬಹುದು.

ಕೈ ಬ್ರೇಕಿಗೆ ಎರಡು ದಾರಿಗಳಿವೆ. ಡಿಸ್ಕಿನ ನಡುವಿನ ಟೊಳ್ಳಿನಲ್ಲಿ ಚಿಕ್ಕ ಡ್ರಮ್ ಬ್ರೇಕ್ ಇರಿಸುವುದು ಒಂದು. ಕ್ಯಾಲಿಪರಿನ ಪಿಸ್ಟನನ್ನು ಕೇಬಲ್ ಮತ್ತು ತಿರುಪಿನಿಂದ ಒತ್ತುವುದು ಇನ್ನೊಂದು. ಕೆಲವು ರೇಸ್ ಕಿಟ್ಟುಗಳಲ್ಲಿ ಎರಡೂ ಇರುವುದಿಲ್ಲ. ರಸ್ತೆಯ ಕಾರಿಗೆ ಅಂತಹವು ತಕ್ಕುದಲ್ಲ.

ಅಳವಡಿಕೆ

ಒತ್ತಿ ಕೂರಿಸುವ ಬೇರಿಂಗ್ ಮತ್ತು ಅದರ ಹಿಡಿತದ ಉಂಗುರವನ್ನು ಒಟ್ಟಿಗೆ ಒತ್ತದೆ ಒಂದಾದ ಮೇಲೊಂದರಂತೆ ಕೂರಿಸಬೇಕು. ಹಿಡಿತದ ಫಲಕವನ್ನು ದಂಡಕ್ಕೆ ಮೊದಲೇ ಪೋಣಿಸಿರಬೇಕು. ತೆಗೆದ ಉಂಗುರವನ್ನು ಮತ್ತೆ ಬಳಸಬಾರದು, ಏಕೆಂದರೆ ಅದರ ಬಿಗಿ ಕಡಿಮೆಯಾಗಿರುತ್ತದೆ. ಎಣ್ಣೆ ಸೀಲನ್ನೂ ಜೊತೆಯಲ್ಲಿಯೇ ಬದಲಾಯಿಸುವುದು ವಾಡಿಕೆ. ಸೋರಿದ ಗೇರ್ ಎಣ್ಣೆ ಪ್ಯಾಡುಗಳಿಗೆ ತಾಗಿದರೆ ಹೊಸ ಬ್ರೇಕ್ ನಿಷ್ಪ್ರಯೋಜಕವಾಗುತ್ತದೆ. ಕೊನೆಯಲ್ಲಿ ಡಯಲ್ ಗೇಜ್ ಬಳಸಿ ಡಿಸ್ಕಿನ ಓಲಾಟವನ್ನು ಅಳೆಯಲಾಗುತ್ತದೆ. ಅದು ಹೆಚ್ಚಾಗಿದ್ದರೆ ಡಿಸ್ಕನ್ನು ದೂಷಿಸುವ ಮೊದಲು ದಂಡದ ಫಲಕವನ್ನೂ ಬೇರಿಂಗನ್ನೂ ಪರೀಕ್ಷಿಸಬೇಕು.