ರಾಗಿಯ ಹಗೇವು

ಹೊಳೆನರಸೀಪುರ, ಅರಕಲಗೂಡುಗಳ ಕಡೆ ಪ್ರಯಾಣ ಮಾಡಿದವರು ಗಮನಿಸಿರಬಹುದು: ಹಳೆಯ ನಾಲೆಯ ಕೆಳಗೆ ಬತ್ತದ ಗದ್ದೆ, ನಾಲೆಯ ಮೇಲಣ ದಿಣ್ಣೆಯಲ್ಲಿ ರಾಗಿಯ ಹೊಲ. ಈ ಭೇದ ನಿನ್ನೆ ಮೊನ್ನೆಯದಲ್ಲ. ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳಿವೆ. ಹೊಯ್ಸಳರ ಕಾಲದ ದಾನಗಳನ್ನು ಓದುತ್ತ ಹೋದರೆ ಗದ್ದೆ ಇಷ್ಟು, ಬೆದ್ದಲೆ ಇಷ್ಟು ಎಂಬ ಲೆಕ್ಕ ಮತ್ತೆ ಮತ್ತೆ ಎದುರಾಗುತ್ತದೆ. ಕೊಟ್ಟವರ ಹೆಸರುಂಟು, ಪಡೆದವರ ಹೆಸರುಂಟು. ಆ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದವರು ರಾತ್ರಿ ಏನು ಉಂಡರೆಂಬುದನ್ನು ಮಾತ್ರ ಕಲ್ಲು ಹೇಳುವುದಿಲ್ಲ.

ನನಗೆ ಅದನ್ನು ಹೇಳಿದವರು ತಾಯಿಯ ತಾಯಿ. ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿ ಅವರದು. ಬತ್ತದ ಗದ್ದೆಯಲ್ಲಿ ಹಗಲೆಲ್ಲ ದುಡಿದ ಹೆಂಗಸರು ಸಂಜೆ ಮಡಿಲಿಗೆ ಹಾಕಿಸಿಕೊಂಡು ಹೋಗುತ್ತಿದ್ದುದು ರಾಗಿ. ಅದೂ ಗಂಡಾಳಿಗಿಂತ ಪಾವಿನಷ್ಟಾದರೂ ಕಡಿಮೆ. ಊಟಕ್ಕೆ ಹಿಟ್ಟು, ಹುರುಳಿಯ ಸಾರು, ಅದೂ ಇಲ್ಲದಾಗ ಉಪ್ಪು ಮೆಣಸಿನಕಾಯಿ. (ಮುದ್ದೆಯನ್ನು ‘ಹಿಟ್ಟು’ ಎಂದೇ ಕರೆಯುವವರು ನಾವು.) ಅನ್ನ ಕಾಣುತ್ತಿದ್ದುದು ಯುಗಾದಿಗೆ, ಗೌರಿ ಹಬ್ಬಕ್ಕೆ, ಯಾರದಾದರೂ ಮದುವೆಗೆ.

ಕನಕದಾಸರ ‘ರಾಮಧಾನ್ಯಚರಿತ್ರೆ’ಯ ಕಥೆ ತಮಗೆ ತಿಳಿದದ್ದೇ. ಬತ್ತಕ್ಕೂ ನರೆದಲೆಗನೆಂಬ ರಾಗಿಗೂ ಜಗಳವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಬತ್ತ ಸೊರಗಿತು, ರಾಗಿ ಇದ್ದಂತೆಯೇ ಹೊರಬಂತು. ಬಡವರ ಧಾನ್ಯ ಗೆದ್ದಿತೆಂದು ಪಾಠ ಹೇಳಿ ನಾವು ಮೇಷ್ಟರುಗಳು ಮುಂದಿನ ಪದ್ಯಕ್ಕೆ ಹೋಗುತ್ತೇವೆ. ಬಹಳ ವರ್ಷ ನಾನೂ ಹಾಗೆಯೇ ಮಾಡಿದೆ. ಆದರೆ ಆ ಸೆರೆ ಎಂಥದು? ನಮ್ಮ ಸೀಮೆಯ ಹಳೆಯ ರೈತನನ್ನು ಕೇಳಿದ್ದರೆ ಹಗೇವು ಎಂದುಬಿಡುತ್ತಿದ್ದ. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿ, ಸುತ್ತ ಹುಲ್ಲು ಕೊಟ್ಟು, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹೊದಿಸಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಮುಟ್ಟದು. ತೆಗೆಯುವಾಗ ಒಳಗೆ ಕೆಟ್ಟ ಗಾಳಿ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಆಳು ಇಳಿಯಬೇಕು. ಇಳಿಯುತ್ತಿದ್ದವನು ಜೀತದಾಳು.

ರಾಗಿಯ ಮಹಿಮೆ ಅದು ಕೆಡದೆ ಉಳಿಯುವುದರಲ್ಲಿದೆ. ಆದರೆ ಹಗೇವು ತೋಡಲು ಜಾಗ ಬೇಕು, ತುಂಬಲು ಹೊಲ ಬೇಕು. ಅಂದಿನ ಕೂಲಿಯನ್ನು ಅಂದೇ ಬೀಸಿ ಉಣ್ಣುವವನಿಗೆ ಆ ಗುಣದಿಂದ ಏನು ಬಂತು? ಆಷಾಢದಲ್ಲಿ ಅವನು ಹಗೇವಿನ ಮನೆಯ ಬಾಗಿಲಿಗೆ ಸಾಲಕ್ಕೆ ಬರಬೇಕು, ಸುಗ್ಗಿಯಲ್ಲಿ ಬಡ್ಡಿಯನ್ನೂ ರಾಗಿಯಲ್ಲೇ ಅಳೆಯಬೇಕು. ಕೊಡುವಾಗ ಕೊಳಗದ ತಲೆ ಸವರುವುದು, ಈಸಿಕೊಳ್ಳುವಾಗ ಗೋಪುರ ನಿಲ್ಲಿಸುವುದು. ಅಜ್ಜಿ ಎರಡನ್ನೂ ಅಂಗೈಯಲ್ಲಿ ಮಾಡಿ ತೋರಿಸುತ್ತಿದ್ದರು. ಅಳೆದವರು ನಮ್ಮ ಮನೆಯವರೇ. ಹಗೇವಿನಿಂದ ಊರು ಉಳಿದ ವರ್ಷಗಳೂ ಉಂಟೆಂದು ಅವರು ಸೇರಿಸದೆ ಇರುತ್ತಿರಲಿಲ್ಲ, ಅದೂ ನಿಜವೇ.

ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ ೧೮೭೬-೭೮ರಲ್ಲಿ, ಈ ಅಂತರ ಪ್ರಾಣಕ್ಕೇ ಬಂತು. ೧೮೭೧ರಲ್ಲಿ ಸುಮಾರು ೫೦ ಲಕ್ಷ ೫೫ ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ಕ್ಕೆ ೪೧ ಲಕ್ಷ ೮೬ ಸಾವಿರಕ್ಕೆ ಇಳಿದಿತ್ತು. ಮಳೆ ಹೋದರೆ ಹೊಲದ ಕೆಲಸ ಹೋಗುತ್ತದೆ, ಕೆಲಸ ಹೋದರೆ ಕೂಲಿಯ ರಾಗಿ ಹೋಗುತ್ತದೆ. ಅಂಗಡಿಯಲ್ಲಿ ಕೊಳ್ಳೋಣವೆಂದರೆ ಬೆಲೆ ಆಕಾಶದಲ್ಲಿ. ಹೊಳೆಯ ಆಸರೆಯ ಅರಕಲಗೂಡಿಗಿಂತ, ಕೆರೆಯನ್ನೂ ಮಳೆಯನ್ನೂ ನಂಬಿದ ಚನ್ನರಾಯಪಟ್ಟಣದ ಕಡೆ ಇಂಥ ಪೆಟ್ಟು ಬೇಗ ಬೀಳುತ್ತಿತ್ತು. ಗಂಜಿಯ ಕೇಂದ್ರಗಳಿಗೆ ಮೊದಲು ಹೊರಟವರು ಹಗೇವಿಲ್ಲದವರು.

ಮುಂದಿನದನ್ನು ಬೇಗ ಹೇಳಬಹುದು. ಮಂಜರಾಬಾದಿನ ಕಾಫಿ ತೋಟಗಳು ಮುಂಗಡ ಹಣ ಕೊಟ್ಟು ಬಯಲುಸೀಮೆಯ ಆಳುಗಳನ್ನು ಘಟ್ಟಕ್ಕೆ ಸೆಳೆದವು. ೧೯೭೫ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಿಂದ ಜೀತ ರದ್ದಾಯಿತು. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿದು, ಬೆದ್ದಲಿನ ಎಷ್ಟೋ ಭಾಗಕ್ಕೆ ಹೇಮಾವತಿ ಹರಿಯಿತು. ಕೂಲಿ ಮಡಿಲಿನಿಂದ ಜೇಬಿಗೆ ಬಂತು. ೨೦೧೩ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆಯಿಂದ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಬಡವರ ಮನೆ ಸೇರಿತು; ಹಬ್ಬದ ಅನ್ನ ದಿನದ ಅನ್ನವಾಯಿತು. ಅದಾದ ಹತ್ತೇ ವರ್ಷಕ್ಕೆ, ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಉಳ್ಳವರು ವೈದ್ಯರ ಮಾತಿನಂತೆ ಈಗ ರಾಗಿ ಹಿಟ್ಟನ್ನು ಪೊಟ್ಟಣದಲ್ಲಿ ಕೊಂಡು ತರುತ್ತಾರೆ.

ಕಳೆದ ಬೇಸಗೆಯಲ್ಲಿ ಅಜ್ಜಿಯ ಊರಿಗೆ ಹೋಗಿದ್ದೆ. ಹಗೇವಿಗೆ ಮಣ್ಣು ತುಂಬಿಸಿ ಎಷ್ಟೋ ಕಾಲವಾಗಿದೆ. ಅದರ ಚಪ್ಪಡಿ ಬಚ್ಚಲಿನ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ. ಅದು ಯಾವ ಕಲ್ಲೆಂದು ಮನೆಯ ಹುಡುಗರಿಗೆ ನಾನೇ ಹೇಳಬೇಕಾಯಿತು.